ಬೇವಿನ ಕಟ್ಟೆಯ ಕೇಂದ್ರ

ನವೆಂಬರ್ 4, ಸೋಮವಾರ

ಇವತ್ತು ಹತ್ತನೇ ತರಗತಿಯಲ್ಲಿ ಒಂದೇ ಒಂದು ವೃತ್ತವೂ ಮುಚ್ಚಿಕೊಳ್ಳಲಿಲ್ಲ.

ಕೈವಾರಗಳ ತಿರುಪು ಸಡಿಲ. ಮುಳ್ಳು ಊರಿ ಪೆನ್ಸಿಲ್ ತಿರುಗಿಸುತ್ತ ಹೋದಂತೆ ಕಾಲು ಅಗಲವಾಗುತ್ತದೆ. ಗೆರೆ ಸುತ್ತು ಹಾಕಿ ಬರುವ ಹೊತ್ತಿಗೆ ಹೊರಟ ಜಾಗ ಒಂದು ಕಡೆ, ಬಂದು ಮುಟ್ಟಿದ ಜಾಗ ಇನ್ನೊಂದು ಕಡೆ. ಇದು ವೃತ್ತ ಅಲ್ಲ, ಬಸವನಹುಳು ಅಂದೆ. ಮಕ್ಕಳು ನಕ್ಕವು. ನನಗೆ ಮೈ ಉರಿಯಿತು. ಮಾರ್ಚಿನಲ್ಲಿ ಪರೀಕ್ಷೆ. ಒಂಬತ್ತರಲ್ಲಿ ಕಲಿತದ್ದೆಲ್ಲ ದೀಪಾವಳಿ ಪಟಾಕಿಯ ಜೊತೆ ಸುಟ್ಟುಹೋಗಿದೆ. ತ್ರಿಜ್ಯ ಯಾವುದು ಅಂದರೆ ವ್ಯಾಸ ತೋರಿಸುತ್ತಾರೆ. ಜ್ಯಾ ಯಾವುದು ಅಂದರೆ ನನ್ನ ಮುಖ ನೋಡುತ್ತಾರೆ.

ಒಬ್ಬಳನ್ನು ಬಿಟ್ಟು. ಕೊನೆಯ ಬೆಂಚಿನ ರಮಾ. ಕೇರಿಯ ಹುಡುಗಿ, ಕೂಲಿ ಮಾಡುವ ಅಂಜಿನಕ್ಕನ ಮಗಳು. ಕೈ ಎತ್ತುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾಳೆ. ವೃತ್ತದ ಮೇಲಿನ ಯಾವ ಎರಡು ಬಿಂದು ಸೇರಿಸಿದರೂ ಜ್ಯಾ, ಅದು ಕೇಂದ್ರದ ಮೇಲೆ ಹಾದು ಹೋದರೆ ಅದೇ ವ್ಯಾಸ ಅಂತ ಸ್ವಂತ ಮಾತಿನಲ್ಲಿ ಹೇಳಿದಳು. ಹೇಳಿ ಕೂತಳು. ಇಂಥ ಹುಡುಗಿ ಕೊನೆಯ ಬೆಂಚಿನಲ್ಲಿ ಯಾಕೆ ಅಂತ ಈ ಊರನ್ನು ಕೇಳಬೇಕು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪೆನ್ನು ತೊಳೆಯಬೇಕಾಗುತ್ತದೆ. ಶಾಲೆಯ ಗೇಟಿನ ಎದುರಿಗೇ ಬೇವಿನ ಮರ, ಅದರ ಸುತ್ತ ಸೊಂಟದೆತ್ತರದ ದುಂಡನೆಯ ಕಲ್ಲುಕಟ್ಟೆ. ಊರ ಗಂಡಸರು ಬೆಳಗಿನಿಂದ ಅಲ್ಲೇ. ಕೇರಿಯವರು ಅದರ ಮೇಲೆ ಕೂರುವುದಿಲ್ಲ. ಮಾತಿದ್ದರೆ ಕೆಳಗೆ ನಿಂತು ಆಡುತ್ತಾರೆ. ಹಾಗಂತ ಯಾರೂ ಬೋರ್ಡು ಬರೆದು ಹಾಕಿಲ್ಲ. ಬೋರ್ಡಿದ್ದಿದ್ದರೆ ಕಿತ್ತೆಸೆಯಬಹುದಿತ್ತು.

ಒಂದು ಬಿಂದುವಿನಿಂದ ಸಮಾನ ದೂರದಲ್ಲಿರುವ ಬಿಂದುಗಳೆಲ್ಲ ಸೇರಿದರೆ ವೃತ್ತ. ಸಮಾನ ದೂರ. ಈ ಎರಡು ಪದವನ್ನು ಈ ಊರಿಗೆ ಕಲಿಸು ಅಂತ ಸರ್ಕಾರ ನನಗೆ ಸಂಬಳ ಕೊಡುತ್ತದೆ.

ಹೂವಿನಹಡಗಲಿಗೆ ವರ್ಗಾವಣೆ ಆದರೆ ಸಾಕು. ಹೊನ್ನೂರಸ್ವಾಮಿ ಅಲ್ಲಿ ಕರೆಂಟ್ ಆಫೀಸಿನಲ್ಲಿ, ನಾನು ಕೂಡ್ಲಿಗಿಯಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಈ ಬಸ್ಸಿನ ಧೂಳು ಕುಡಿಯುತ್ತ. ಗಂಡ ಹೆಂಡತಿ ಭಾನುವಾರದ ನೆಂಟರಾಗಿದ್ದೇವೆ.

ನವೆಂಬರ್ 7, ಗುರುವಾರ

ಮಾಡಿದೆ.

ಕೈವಾರ ಕೆಟ್ಟರೆ ಏನಾಯಿತು, ಗೂಟ ಮತ್ತು ಹಗ್ಗ ಸಾಕು, ನೆಲದ ಮೇಲೆ ದೊಡ್ಡ ವೃತ್ತ ಎಳೆಯೋಣ ಅಂತ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಊರವರು ಮೆಕ್ಕೆಜೋಳ ಒಣ ಹಾಕಿದ್ದಾರೆ. ಸರ್ಕಾರಿ ಶಾಲೆ ಅಂದರೆ ಇವರಿಗೆ ಕಣ. ಸರಿ, ಕಟ್ಟೆಗೇ ನಡೆಯಿರಿ ಅಂದೆ. ಎದುರಿಗೇ ಕಲ್ಲಿನ ವೃತ್ತ ಇರುವಾಗ ಎಳೆಯುವುದು ಯಾಕೆ? ಮರವೇ ಕೇಂದ್ರ, ಕಟ್ಟೆಯ ಅಂಚೇ ಪರಿಧಿ.

ಹಗ್ಗದ ಒಂದು ತುದಿಯನ್ನು ರಮಾಳ ಕೈಗೆ ಕೊಟ್ಟು ಮೇಲೆ ಹತ್ತಿ ಮರಕ್ಕೆ ಒತ್ತಿ ಹಿಡಿ ಅಂದೆ. ನಿಂತಳು. ಹತ್ತು ಅಂದರೆ ಹತ್ತು ಅಂತ ಗದರಿದೆ. ಹತ್ತಿದಳು. ಇನ್ನೊಂದು ತುದಿ ಹಿಡಿದು ಹುಲುಗೇಶ್ ಕೆಳಗೆ ಅಂಚಿನಗುಂಟ ನಡೆಯಬೇಕು. ಎಲ್ಲಿ ನಿಂತರೂ ಹಗ್ಗ ಅಷ್ಟೇ ಉದ್ದ ಅಂತ ಮಕ್ಕಳು ಕಣ್ಣಾರೆ ನೋಡಬೇಕು. ಆ ದಡ್ಡನಿಗೆ ಒಂದು ಹಗ್ಗ ಹಿಡಿಯಲು ಬರುವುದಿಲ್ಲ. ಶಾಲೆ ಕಡೆ ಜೋಲು ಬಿಟ್ಟ, ಕೇರಿ ಕಡೆಗೆ ಹೋದಾಗ ಅಂಚು ಮುಟ್ಟುವುದೇ ಇಲ್ಲ ಅಂತ ನಿಂತ. ಬಿಗಿ ಹಿಡಿಯೋ ಅಂತ ಅವನಿಗೆ ಬೈದೆ, ಅಲ್ಲಾಡಬೇಡ ಅಂತ ಅವಳಿಗೆ ಬೈದೆ.

ಆಗ ಬೊಮ್ಮಯ್ಯ ಬಾಯಿ ತೆರೆದ. ಹುಲುಗೇಶನ ಅಜ್ಜ, ಕಟ್ಟೆಯ ಖಾಯಂ ಗಿರಾಕಿ. ದನಿ ಏರಿಸಲೂ ಇಲ್ಲ.

"ಮೇಡಮ್ಮೋರ, ಆ ಹುಡುಗಿನ್ನ ಕೆಳಾಕ ಇಳಸ್ರಿ."

ಯಾಕೆ ಅಂದೆ.

"ಯಾಕ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಹುಡುಗರ ಮುಂದ ಯಾಕ ಬಿಡಿಸಿ ಹೇಳಿಸ್ತೀರಿ?"

ಬಿಡಿಸಿ ನಾನೇ ಹೇಳಿದೆ. ಅಸ್ಪೃಶ್ಯತೆ ಅಳಿಸಿದ ಸಂವಿಧಾನದ ಹದಿನೇಳನೇ ವಿಧಿಯಿಂದ ಶುರುಮಾಡಿ, ಇವನ ಅಪ್ಪನ ಕಾಲದ ಜೀತದವರೆಗೆ. ಹೊಸಪೇಟೆಯ ಹಾಸ್ಟೆಲ್ ಮೆಟ್ಟಿಲ ಮೇಲೆ ನಿಂತು ಘೋಷಣೆ ಕೂಗಿ ಕಲಿತ ಗಂಟಲು ಇದು, ಇನ್ನೂ ಸತ್ತಿಲ್ಲ. ಇಡೀ ತರಗತಿ ಸುತ್ತ ನಿಂತು ಕೇಳಿತು. ರಮಾ ಮಾತ್ರ ನನ್ನನ್ನೂ ನೋಡಲಿಲ್ಲ, ಬೊಮ್ಮಯ್ಯನನ್ನೂ ನೋಡಲಿಲ್ಲ. ಮರಕ್ಕೆ ಹಗ್ಗ ಒತ್ತಿ ಹಿಡಿದು ಹಗ್ಗವನ್ನೇ ನೋಡುತ್ತಿದ್ದಳು. ಪಾಪ, ಹೆದರಿಕೆ. ಇವತ್ತು ಹೆದರಿದ್ದಾಳೆ, ನಾಳೆ ಹೆದರುವುದಿಲ್ಲ.

ಗೊತ್ತಿಲ್ಲದೆ ಹತ್ತಿಸಿದೆ ಅಂತ ಹೆಡ್‌ಮಾಸ್ಟರ್ ಮುಂದೆ ಹೇಳಬಹುದು. ಹೇಳುವುದಿಲ್ಲ. ಗೊತ್ತಿದ್ದೇ ಹತ್ತಿಸಿದೆ. ಇನ್ನೂ ಹತ್ತಿಸುತ್ತೇನೆ.

ನವೆಂಬರ್ 8, ಶುಕ್ರವಾರ

ಕಟ್ಟೆ ತೊಳೆದಿದ್ದಾರೆ. ಬೆಳಿಗ್ಗೆ ಬಸ್ ಇಳಿದಾಗ ಕಲ್ಲು ಇನ್ನೂ ಒದ್ದೆ. ಮರಕ್ಕೆ ಒಂದಿಷ್ಟು ಅರಿಶಿನ ಬೇರೆ.

ಹೆಡ್‌ಮಾಸ್ಟರ್ ಗುರುಮೂರ್ತಿಯವರಿಗೆ ದೂರು ಕೊಡೋಣ ಅಂದೆ. ಕಟ್ಟೆ ಸ್ವಚ್ಛ ಮಾಡುವುದು ಅಪರಾಧ ಅಲ್ಲವಂತೆ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಶಿವಗಂಗಾ ಮೇಡಂ, ನಾನೂ ನಿಮ್ಮವನ. ನನ್ನ ಮನ್ಯಾಗೂ ಬಾಬಾಸಾಹೇಬರ ಫೋಟೋ ಐತಿ. ಆದರ ರಿಸಲ್ಟ್ ಕಡಿಮಿ ಆದ್ರ ನೋಟಿಸ್ ಬರೋದು ನನಗ."

ನಮ್ಮವರೇ. ಅದೇ ಉರಿ. ಫೋಟೋ ಗೋಡೆಗೆ ಹೊಡೆದ ಮೊಳೆಯೇ ಇವರ ಹೋರಾಟದಲ್ಲಿ ಗಟ್ಟಿಯಾದ ಭಾಗ.

ರಮಾ ಬಂದಿಲ್ಲ.

ನವೆಂಬರ್ 12, ಮಂಗಳವಾರ

ರಮಾ ಇವತ್ತೂ ಇಲ್ಲ. ಹುಲುಗೇಶನನ್ನು ಕೇಳಿದರೆ ನೆಲ ನೋಡುತ್ತಾನೆ. ಜ್ಯಾಗಳ ಪ್ರಮೇಯ ಮಾಡಿದೆ. ಗೋಡೆಗೆ ಮಾಡಿದ ಹಾಗೆ.

ನವೆಂಬರ್ 14, ಗುರುವಾರ

ಮಕ್ಕಳ ದಿನಾಚರಣೆ. ಚಾಕಲೇಟು ಹಂಚಿ, ಭಾಷಣ ಮುಗಿಸಿ ನೇರ ಕೇರಿಗೆ ಹೋದೆ.

ಅಂಜಿನಕ್ಕ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಬನ್ನಿ ಅನ್ನಲಿಲ್ಲ. ಈ ವಾರವೆಲ್ಲ ಮೆಕ್ಕೆಜೋಳ ಮುರಿಯಲು ಊರಲ್ಲಿ ಯಾರೂ ಅವಳನ್ನು ಕರೆದಿಲ್ಲ. ಬೈದಿಲ್ಲ, ಬಡಿದಿಲ್ಲ. ಕರೆದಿಲ್ಲ, ಅಷ್ಟೇ. ಪಕ್ಕದ ಮನೆಯವರನ್ನು ಕರೆಯುವಾಗ ಇವಳ ಬಾಗಿಲು ದಾಟಿ ಹೋಗುತ್ತಾರೆ. ರಮಾಳನ್ನು ಹಲವಾಗಲಿಗೆ, ಸೋದರತ್ತೆಯ ಮನೆಗೆ ಕಳಿಸಿಬಿಟ್ಟಿದ್ದಾಳೆ. ಅಲ್ಲಿ ಹೊಳೆ ಇದೆ, ಭತ್ತ ಇದೆ, ಕೂಲಿ ಇದೆ.

ಪರೀಕ್ಷೆ ಅಂದೆ. ಕಾಯಿ ಸುಲಿಯುತ್ತಲೇ ಇದ್ದಳು. ಇದು ಬಹಿಷ್ಕಾರ, ಕೇಸು ಹಾಕೋಣ, ಹೊಸಪೇಟೆಯಿಂದ ಸಂಘಟನೆಯ ಸಂಗಾತಿಗಳು ಬರುತ್ತಾರೆ, ನಾನು ಸಾಕ್ಷಿ ಹೇಳುತ್ತೇನೆ ಅಂದೆ. ಆಗ ಮೊರ ಪಕ್ಕಕ್ಕಿಟ್ಟಳು.

"ಕೇಸ್ ಹಾಕಿ ನೀವು ಐದೂವರಿ ಬಸ್ಸಿಗೆ ಕೂಡ್ಲಿಗಿಗೆ ಹೋಗ್ತೀರಿ. ನಾವು ಇಲ್ಲೇ ಇರ್ತೀವಿ. ನನ್ನ ಮಗಳೇನು ನಿಮ್ಮ ಹಗ್ಗದ ಗೂಟ ಏನ್ರಿ? ತಿರುಗೋದು ನೀವು, ನೆಟ್ಟಲ್ಲೇ ನಿಲ್ಲೋದು ಅಕಿ."

ಉತ್ತರ ಇತ್ತು. ಎಷ್ಟೋ ಸಭೆಗಳಲ್ಲಿ ಇಂಥ ಮಾತಿಗೆ ಉತ್ತರ ಕೊಟ್ಟಿದ್ದೇನೆ. ಭಯವೇ ಸಂಕೋಲೆ, ಇವತ್ತು ಎದ್ದು ನಿಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ, ಹೀಗೆ. ಬಸ್ಸಿಗೆ ಹೊತ್ತಾಗಿತ್ತು ಅಂತ ಎದ್ದೆ. ಐದೂವರೆ ಬಸ್ಸಿಗೇ.

ಬಸ್ಸಿನಲ್ಲಿ ಕೂತರೆ ಆ ಹೆಂಗಸಿನ ಮೇಲೆ ಸಿಟ್ಟು. ಕೂಡ್ಲಿಗಿ ಬರುವ ಹೊತ್ತಿಗೆ ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಮನೆಗೆ ಬಂದು ಬೇಳೆ ಸೀಯಿಸಿದೆ.

ನವೆಂಬರ್ 20, ಬುಧವಾರ

ಗುರುಮೂರ್ತಿ ಕರೆದು ಕೂರಿಸಿ ಚಹಾ ತರಿಸಿದರು. ಚಹಾ ತರಿಸಿದರೆ ಅನುಮಾನ ಪಡಬೇಕು. ನೀವೇ ವರ್ಗಾವಣೆ ಬೇಕು ಅಂತಿದ್ದಿರಲ್ಲ, ಈ ಸಲ ನಾನೇ ಗಟ್ಟಿಯಾಗಿ ಶಿಫಾರಸು ಮಾಡುತ್ತೇನೆ, ತಿಂಗಳ ಕೊನೆಯೊಳಗೆ ಅರ್ಜಿ ಕೊಡಿ ಅಂದರು. ಅಂದರೆ ಹೋಗಿಬಿಡಿ ಅಂತ. ಕೊಡುತ್ತೇನೆ. ಯಾಕೆ ಕೊಡಬಾರದು? ಈ ಊರು ನನಗೆ ಏನು ಆಗಬೇಕು? ಕಟ್ಟೆಯ ಮೇಲಿನವರು ಇಳಿಯುವುದಿಲ್ಲ, ಕೆಳಗಿನವರು ಹತ್ತುವುದಿಲ್ಲ, ನಡುವೆ ನಾನೊಬ್ಬಳು ಬಾಯಿ ಒಣಗಿಸಿಕೊಳ್ಳಬೇಕು.

ಇವತ್ತು ಸ್ಪರ್ಶಕ ಶುರುಮಾಡಿದೆ. ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿ ಹೋಗುವ ಸರಳರೇಖೆ. ಮುಟ್ಟುವುದು, ಮುಟ್ಟದಿರುವುದು ಅಂತ ಹಿಡಿದು ಒಂದು ಭಾಷಣ ಹೊಡೆಯಬಹುದಿತ್ತು. ಹಿಂದಿನ ವರ್ಷ ಹೊಡೆದಿದ್ದೆ, ಮಕ್ಕಳು ಚಪ್ಪಾಳೆ ತಟ್ಟಿದ್ದವು, ಪರೀಕ್ಷೆಯಲ್ಲಿ ಪ್ರಮೇಯ ಮಾತ್ರ ಯಾರೂ ಬರೆದಿರಲಿಲ್ಲ. ಇವತ್ತು ಬರೀ ಪ್ರಮೇಯ ಹೇಳಿದೆ: ಮುಟ್ಟಿದ ಬಿಂದುವಿನಿಂದ ಕೇಂದ್ರಕ್ಕೆ ಎಳೆದ ತ್ರಿಜ್ಯ ಸ್ಪರ್ಶಕಕ್ಕೆ ಲಂಬ. ಹುಲುಗೇಶ್ ಯಾಕೆ ಅಂತ ಕೇಳಿದ. ಈ ವರ್ಷ ಅವನು ಕೇಳಿದ ಮೊದಲ ಪ್ರಶ್ನೆ. ಕೇಳಿದವನು ಕೊನೆಯ ಬೆಂಚಿನ ಕಡೆ ತಿರುಗಿ ನೋಡಿದ, ಅಲ್ಲಿ ಯಾರೂ ಇಲ್ಲ.

ನವೆಂಬರ್ 24, ಭಾನುವಾರ

ಹಲವಾಗಲಿಗೆ ಹೋಗಿ ಬಂದೆ. ಹೊನ್ನೂರಸ್ವಾಮಿಗೆ ಈ ಭಾನುವಾರ ಬರಬೇಡ ಅಂತ ಫೋನು ಮಾಡಿದ್ದೆ. ಕೊಟ್ಟೂರಿನಲ್ಲಿ ಒಂದು ಬಸ್ಸು ತಪ್ಪಿತು, ಹರಪನಹಳ್ಳಿಯಲ್ಲಿ ಇನ್ನೊಂದು ಹೊರಡಲೇ ಇಲ್ಲ. ಡ್ರೈವರು ಊಟಕ್ಕೆ ಹೋಗಿದ್ದ, ಕಂಡಕ್ಟರು ಅವನನ್ನು ಹುಡುಕಲು ಹೋಗಿದ್ದ. ದಾರಿಯುದ್ದಕ್ಕೂ ಹುಡುಗಿಗೆ ಹೇಳಬೇಕಾದ ಮಾತು ಕಟ್ಟಿಕೊಂಡೆ. ಶಿಕ್ಷಣ, ಸ್ವಾಭಿಮಾನ, ಎಲ್ಲ.

ರಮಾ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಸೆರಗಿನಂತೆ ದುಪಟ್ಟಾ ಹೊದ್ದು ನಿಂತಳು. ಎರಡು ವಾರದಲ್ಲಿ ದೊಡ್ಡ ಹೆಂಗಸಿನ ಹಾಗೆ. ನಾನು ಕಟ್ಟಿಕೊಂಡು ಬಂದ ಮಾತಿನ ಗಂಟು ಬಿಚ್ಚುವುದರೊಳಗೆ ಅವಳೇ ಶುರುಮಾಡಿದಳು.

"ಮಿಸ್, ಅವತ್ತು ಹುಲುಗೇಶಗ ಸುಮ್ಮನ ಬೈದ್ರಿ. ಅವನದೇನೂ ತಪ್ಪಿಲ್ಲ. ಹಗ್ಗ ನಾನೂ ಬಿಗಿಯಾಗೇ ಹಿಡದಿದ್ದೆ."

ಏನು ಅಂದೆ. ನನಗೆ ಅದು ನೆನಪೇ ಇರಲಿಲ್ಲ.

"ಸಾಲಿ ಕಡಿಗೆ ಹಗ್ಗ ಉಳೀತು, ಕೇರಿ ಕಡಿಗೆ ಸಾಲಲಿಲ್ಲ. ಹಂಗಂದ್ರ ಮರ ನಡುವ ಇಲ್ಲ. ಕೇಂದ್ರ ಬ್ಯಾರೆ ಎಲ್ಲೋ ಐತಿ."

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ಹೇಳಿದಳು. ನಾನು ಅವತ್ತು ಹದಿನೇಳನೇ ವಿಧಿ ಕೂಗುತ್ತಿದ್ದಾಗ, ಬೊಮ್ಮಯ್ಯ ಇಳಿ ಅನ್ನುತ್ತಿದ್ದಾಗ, ಈ ಹುಡುಗಿ ಹಗ್ಗ ನೋಡುತ್ತಿದ್ದಳು. ಹೆದರಿಕೆ ಅಂತ ಬರೆದಿದ್ದೆನಲ್ಲ ಮೇಲೆ. ಇರಲಿ, ಹೆದರಿಕೆಯೂ ಇದ್ದೀತು.

ಹದಿನಾರು ವರ್ಷ ವೃತ್ತ ಕಲಿಸಿದವಳು ಆ ಕಟ್ಟೆಯ ಎದುರಿಗೆ ದಿನಾ ಬಸ್ ಇಳಿಯುತ್ತೇನೆ. ಮರ ಒಂದು ಕಡೆಗಿದೆ ಅಂತ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ. ನನಗೆ ಬೊಮ್ಮಯ್ಯ ಮಾತ್ರ ಕಾಣುತ್ತಿದ್ದ.

ಕೂತೆವು. ಮರಳ ಮೇಲೆ ಒಂದು ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆದು, ತಟ್ಟೆ ತೆಗೆದು, ಕೇಂದ್ರ ಹುಡುಕು ಅಂದೆ. ಎರಡು ಜ್ಯಾ ಎಳೆದು ಒಂದೊಂದರ ನಡುಬಿಂದುವಿನಿಂದ ಲಂಬ ಎತ್ತಿದಳು, ಸೇರಿದ ಕಡೆ ಬೆರಳು ಊರಿದಳು. ಆದರೆ ಕಟ್ಟೆಯ ಮೇಲೆ ಹೀಗೆ ಗೆರೆ ಎಳೆಯಲು ಹತ್ತಬೇಕಲ್ಲ ಮಿಸ್, ಹತ್ತದೇ ಬರುವ ದಾರಿ ಇದೆಯಾ ಅಂದಳು. ನೀನು ಇಲ್ಲದಾಗ ಒಂದು ಪ್ರಮೇಯ ಆಗಿದೆ ಅಂತ ಸ್ಪರ್ಶಕದ್ದು ಹೇಳಿಕೊಟ್ಟೆ. ಮುಟ್ಟಿದ ಬಿಂದುವಿನಲ್ಲಿ ಲಂಬ ಎತ್ತಿದರೆ ಅದು ಕೇಂದ್ರದ ಮೇಲೇ ಹಾಯಬೇಕು. ಮರಳಿನ ವೃತ್ತಕ್ಕೆ ಹೊರಗಿನಿಂದ ಒಂದು ಕಡ್ಡಿ ತಾಗಿಸಿ ನೋಡಿದಳು. ಹಾಗಾದರೆ ಕೆಳಗೆ ನಿಂತೇ ಆಗುತ್ತದೆ ಅಂದಳು.

ಅವಳ ಅತ್ತೆ ಕರೆದು ಬಟ್ಟೆ ಎಲ್ಲಿ ಅಂತ ಬೈದಾಗ ಹೊಳೆಯಲ್ಲಿ ಒಂದು ಲಂಗ ತೇಲಿ ಹೋಗಿತ್ತು.

ಕಟ್ಟಿಕೊಂಡು ಹೋದ ಮಾತು ಒಂದೂ ಆಡಲಿಲ್ಲ. ಬರುವಾಗ ಬಸ್ಸಿನಲ್ಲಿ ನೆನಪಾಯಿತು.

ನವೆಂಬರ್ 26, ಮಂಗಳವಾರ

ಮತ್ತೆ ಅಂಜಿನಕ್ಕನ ಬಾಗಿಲು. ಈ ಸಲ ಕೇಸಿನ ಮಾತು ಎತ್ತಲಿಲ್ಲ. ಬೇವಿನ ಮರ ಕಟ್ಟೆಯ ನಡುವೆ ಯಾಕಿಲ್ಲ ಅಂತ ಕೇಳಿದೆ.

ನಕ್ಕಳು. ಅವಳು ನಗುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ಕೇಳಲು ಬಂದಿರಾ ಅಂದಳು. ಅವಳು ಮದುವೆಯಾಗಿ ಬಂದ ವರ್ಷ ಕಟ್ಟೆಯನ್ನು ಹಿಗ್ಗಿಸಿದರಂತೆ. ಶಾಲೆ ಕಡೆ ರಸ್ತೆ, ಜಾಗ ಇಲ್ಲ; ಅದಕ್ಕೆ ಕೇರಿ ಕಡೆ ಎಳೆದು ಮತ್ತೆ ದುಂಡಗೆ ಕಟ್ಟಿದರು. ಮೊದಲು ಮರ ನಡುವೆಯೇ ಇತ್ತು. ಕೇರಿಗೆ ಹೋಗುವ ದಾರಿ ಅರ್ಧ ಅದರಲ್ಲಿ ಹೋಯಿತು. ಕಲ್ಲು ಹೊತ್ತವರು ಇವಳು, ಇವಳ ಅತ್ತೆ ಗಿಡ್ಡಮ್ಮ, ಕೇರಿಯ ಹೆಂಗಸರೆಲ್ಲ.

"ಕಟ್ಟುವಾಗ ಎಲ್ರೂ ಹತ್ತಿವ್ರಿ. ಮ್ಯಾಲೆ ನಿಂತು ಮಣ್ಣು ತುಳಿದೀವಿ. ಕಟ್ಟಿ ಮುಗದ ಮ್ಯಾಲೆ ಇಳಿಸಿದ್ರು."

ಅಷ್ಟೇ ಹೇಳಿ ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು. ಮೆಕ್ಕೆಜೋಳದ ಮಿಷನ್ನಿಗೆ ಆಳು ಸಾಲದೆ ಮೊನ್ನೆಯಿಂದ ಅವಳನ್ನೂ ಕರೆಯುತ್ತಿದ್ದಾರಂತೆ. ಊರಿನ ಸಿಟ್ಟು ಸುಗ್ಗಿಯಲ್ಲಿ ರಜೆ ಹಾಕುತ್ತದೆ. ಹುಡುಗಿಯನ್ನು ಕರೆಸುತ್ತೇನೆ, ಪರೀಕ್ಷೆ ಬರೆಯಲಿ, ಆದರೆ ಮುಂದೆ ನಿಲ್ಲಿಸಬೇಡಿ ಅಂದಳು. ನಿಲ್ಲಿಸುವುದಿಲ್ಲ ಅಂತ ಮಾತು ಕೊಟ್ಟೆ.

ಹೊಸಪೇಟೆಗೆ ಕಳಿಸಲು ಬರೆದಿಟ್ಟ ದೂರನ್ನು ಮತ್ತೆ ಓದಿದೆ. ನಾಲ್ಕು ಪುಟ. "ನಾನು" ಎಷ್ಟು ಸಲ ಬಂದಿದೆ ಅಂತ ಎಣಿಸಲು ಹೋಗಿ ಬಿಟ್ಟೆ. ಇರಲಿ, ಹರಿದಿಲ್ಲ. ಬೇಕಾದರೆ ಬೇಕಾಗುತ್ತದೆ. ಬರೆಯುವುದಾದರೆ ಅಂಜಿನಕ್ಕ ಹೇಳಿದಂತೆ ಬರೆಯಬೇಕು.

ಡಿಸೆಂಬರ್ 2, ಸೋಮವಾರ

ರಮಾ ಬಂದಳು. ಎರಡನೇ ಬೆಂಚಿನಲ್ಲಿ ಕೂತಳು, ನಾನು ಹೇಳಿರಲಿಲ್ಲ. ಹುಲುಗೇಶ್ ಸರಿದು ಜಾಗ ಬಿಟ್ಟ.

ಡಿಸೆಂಬರ್ 6, ಶುಕ್ರವಾರ

ಕೂಡ್ಲಿಗಿಯಲ್ಲಿ ಬಾಬಾಸಾಹೇಬರ ಪರಿನಿಬ್ಬಾಣ ದಿನದ ಕಾರ್ಯಕ್ರಮ. ಮುಖ್ಯ ಭಾಷಣ ನನ್ನದು. ನಾನು ಹೋಗುವ ಹೊತ್ತಿಗೆ ಮೇಣದಬತ್ತಿ ಕರಗಿ, ಕುರ್ಚಿ ಮಡಚಿ, ಮೈಕಿನವನು ವೈರು ಸುತ್ತುತ್ತಿದ್ದ. ಸಂಗಾತಿಗಳು ಮುಖ ಗಂಟು ಹಾಕಿದರು. ಶಾಲೆಯಲ್ಲಿ ತಡವಾಯಿತು ಅಂದೆ.

ನಿಜವಾಗಿ ಆದದ್ದು ಜಗಳ. ಮೆಕ್ಕೆಜೋಳ ತುಂಬಿಕೊಂಡು ಹೋಗಿದ್ದಾರೆ, ಮೈದಾನ ಖಾಲಿ. ಅಲ್ಲೇ ಹಗ್ಗ ಹಿಡಿದು ವೃತ್ತ ಎಳೆಯೋಣ, ಸ್ಪರ್ಶಕವನ್ನೂ ಅಲ್ಲೇ ಎಳೆಯೋಣ ಅಂದೆ. ರಮಾ ಒಪ್ಪಲಿಲ್ಲ.

"ಮೈದಾನದಾಗ ಕೇಂದ್ರ ನಾವೇ ನೆಟ್ಟು ಗೆರಿ ಎಳೀತೀವಿ. ಅದರಾಗ ಹುಡುಕೋದು ಏನೈತಿ ಮಿಸ್?"

ಕಟ್ಟೆ ಬೇಡ ಅಂದೆ. ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೇನೆ ಅಂದೆ. ಅಮ್ಮನನ್ನು ಕೇಳಿ ಆಗಿದೆ, ಹಗ್ಗ ಹಿಡಿ, ಹತ್ತಬೇಡ ಅಂದಿದ್ದಾಳೆ ಅಂದಳು. ಗುರುಮೂರ್ತಿಯವರ ಹತ್ತಿರ ಹೋದರೆ ಅವರು ತಡೆಯುತ್ತಾರೆ ಅಂದುಕೊಂಡಿದ್ದೆ. ಕೆಳಗೆ ನಿಂತು ಅಳೆದರೆ ಯಾರು ಏನು ಅನ್ನುತ್ತಾರೆ, ಗಣಿತವೇ ತಾನೆ, ಫೋಟೋ ತೆಗೆದು ಗ್ರೂಪಿಗೆ ಹಾಕೋಣ ಅಂದುಬಿಟ್ಟರು. ಈ ಮನುಷ್ಯ ಬೇಕಾದಾಗ ಬೇಡ ಅನ್ನುವುದಿಲ್ಲ.

ಸಂಜೆಯವರೆಗೆ ಹುಡುಗರು ಕಾಗದದ ಮೇಲೆ ಅಭ್ಯಾಸ ಮಾಡಿದರು. ಕೈವಾರದ ಸಡಿಲ ತಿರುಪಿಗೆ ಹುಲುಗೇಶ್ ದಾರ ಸುತ್ತಿ ಬಿಗಿ ಮಾಡಿಕೊಟ್ಟಿದ್ದಾನೆ. ಒಂದು ತಿಂಗಳು ಬೈದೆ, ಒಂದು ಗೇಣು ದಾರ ನನಗೆ ಹೊಳೆಯಲಿಲ್ಲ.

ಡಿಸೆಂಬರ್ 11, ಬುಧವಾರ

ಕೊನೆಯ ಪಿರಿಯಡ್‌ನಲ್ಲಿ ಹೋದೆವು. ನಾನು ಏನೂ ಹೇಳಿಕೊಡಲಿಲ್ಲ. ಅವರೇ ಕೆಲಸ ಹಂಚಿಕೊಂಡಿದ್ದರು, ನನಗೆ 'ಮಿಸ್ ನೀವು ಹಲಗಿ ಹಿಡೀರಿ' ಅಂತ ಒಂದು ಕೆಲಸ ಕೊಟ್ಟರು.

ಕೆಲಸ ಹೀಗಿತ್ತು. ಮುರಿದ ಬೆಂಚಿನ ನೇರ ಹಲಗೆಯನ್ನು ಕಟ್ಟೆಯ ಅಂಚಿಗೆ ಒಂದೇ ಕಲ್ಲು ಮುಟ್ಟುವ ಹಾಗೆ ತಾಗಿಸಿ ಹಿಡಿಯಬೇಕು. ಅದೇ ಸ್ಪರ್ಶಕ. ಮುಟ್ಟಿದ ಕಲ್ಲಿನ ಹತ್ತಿರ ಬೋರ್ಡಿನ ದೊಡ್ಡ ಮೂಲೆಮಟ್ಟ ಇಟ್ಟು, ಅದರ ನೇರಕ್ಕೆ ಒಂದು ಹಗ್ಗವನ್ನು ಕಟ್ಟೆಯ ಮೇಲೆ ಅಡ್ಡ ಹಾಯಿಸಿ, ಆಚೆ ಬದಿಯಲ್ಲಿ ನಿಂತವರು ಎಳೆದು ಹಿಡಿಯಬೇಕು. ಹೀಗೆ ಎರಡು ಕಡೆಯಿಂದ. ಎರಡು ಹಗ್ಗ ಒಂದನ್ನೊಂದು ದಾಟಿದ ಜಾಗವೇ ಕೇಂದ್ರ. ಎಲ್ಲರೂ ಕೆಳಗೆ ನಿಂತೇ ಆಗುವ ಕೆಲಸ.

ಕಟ್ಟೆಯ ಮೇಲೆ ಬೊಮ್ಮಯ್ಯ ಒಬ್ಬನೇ ಕೂತಿದ್ದ, ಮರಕ್ಕೆ ಬೆನ್ನು ಮಾಡಿ, ಮರದಿಂದ ಎರಡು ಮೊಳ ಕೇರಿ ಕಡೆಗೆ. ಮೊದಲ ಹಗ್ಗ ಹಾಯ್ದಾಗ ಏನ್ರಲೇ ಇದು ಅಂತ ಮೊಮ್ಮಗನನ್ನು ಕೇಳಿದ. ಲೆಕ್ಕ ಅಜ್ಜ ಅಂದ ಹುಲುಗೇಶ್. ಹಗ್ಗ ಮೊಣಕಾಲಿಗೆ ಸಿಕ್ಕಿತು, ಮುದುಕ ಗೊಣಗುತ್ತ ಕಾಲು ಎತ್ತಿ ಕೊಟ್ಟ. ಎರಡನೇ ಹಗ್ಗ ಬಂದು ಅವನ ಹೊಟ್ಟೆಗೆ ತಾಗಿ ನಿಂತಿತು. ಆಚೆಯವರು ಎಳೆದರು, ಬಗ್ಗಲಿಲ್ಲ. ರಮಾ ಒಂದು ಹಗ್ಗದ ತುದಿಗೆ ಕಣ್ಣು ಇಟ್ಟು ನೋಡಿದಳು, ಇನ್ನೊಂದರ ತುದಿಗೆ ಹೋಗಿ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಕಲ್ಲು ಮೆಟ್ಟಿಲು ಹತ್ತಿ ಮುದುಕನ ಮುಂದೆ ನಿಂತಳು.

ನಾನು ಬಗ್ಗಿ ಹಲಗೆ ಹಿಡಿದಿದ್ದೆ. ಬಿಟ್ಟರೆ ನೇರ ತಪ್ಪುತ್ತಿತ್ತು. ನನಗೆ ಅವಳ ಪಾದ ಮಾತ್ರ ಕಾಣಿಸುತ್ತಿತ್ತು.

"ಅಜ್ಜಾ, ಒಂಚೂರು ಸರೀರಿ. ಕೇಂದ್ರ ನಿಮ್ಮ ಕೆಳಗೈತಿ."

ಸಿಟ್ಟು ನನಗೆ ಪರಿಚಯ. ಇದು ಬೇರೆ. ಹುಡುಗಿಯನ್ನು ಕೆಳಗೆ ಕರೆಯಲೋ ಅಂತ ತಲೆ ಎತ್ತಿ ಬಾಯಿ ತೆರೆದೆ.

ಬೊಮ್ಮಯ್ಯ ಒಂದು ಹಗ್ಗದ ಎರಡೂ ತುದಿ ನೋಡಿದ. ಇನ್ನೊಂದರ ಎರಡೂ ತುದಿ ನೋಡಿದ. ತನ್ನ ಹೊಟ್ಟೆ ನೋಡಿಕೊಂಡ.

"ಯಾ ಕಡಿಗೆ ಸರೀಲಿ?"

"ಮರದ ಕಡಿಗೆ."

ಸರಿದ. ಕೂತಲ್ಲೇ ಕೈ ಊರಿ ಕುಂಡೆ ಎತ್ತಿ ಸರಿದ. ಹಗ್ಗ ಎರಡೂ ಚಟ್ಟನೆ ನೇರವಾದವು. ರಮಾ ಕುಕ್ಕರಿಸಿ ಕೂತು ಅವು ದಾಟಿದ ಜಾಗದಲ್ಲಿ ಚಾಕ್‌ಪೀಸಿನಿಂದ ಒಂದು ಚುಕ್ಕಿ ಇಟ್ಟಳು. ಆಗ ಮುದುಕನಿಗೆ ಏನಾಯಿತು ಅಂತ ತಿಳಿದಿರಬೇಕು. ಮುಖ ಕಪ್ಪಿಟ್ಟಿತು. ಟವೆಲ್ಲು ಹೆಗಲಿಗೆ ಹಾಕಿ ಇಳಿದು ಹೋದ, ಹೋಗುವಾಗ ಮೊಮ್ಮಗನಿಗೆ ಮನಿಗೆ ಬಾ ನೋಡ್ಕೋತೀನಿ ಅಂದ.

ಹುಲುಗೇಶ್ ಮನೆಗೆ ಹೋಗಲಿಲ್ಲ. ಇನ್ನೊಂದು ಹಗ್ಗ ತಂದ. ಒಂದು ತುದಿ ಚುಕ್ಕಿಯ ಮೇಲೆ ರಮಾಳ ಹೆಬ್ಬೆರಳ ಕೆಳಗೆ, ಇನ್ನೊಂದು ತುದಿ ಹಿಡಿದು ಅಂಚಿನಗುಂಟ ನಡೆದ. ಶಾಲೆ ಕಡೆ ಹೋದ, ಜೋಲು ಬೀಳಲಿಲ್ಲ. ಕೇರಿ ಕಡೆ ಹೋದ, ಮುಟ್ಟಿತು. ಹೊರಟ ಕಲ್ಲಿಗೇ ಬಂದು ನಿಂತ. ಹಗ್ಗ ಯಾಕೆ ಅಷ್ಟೇ ಉದ್ದ ಅಂತ ನಾನು ವಿವರಿಸಬೇಕಾಗಿರಲಿಲ್ಲ.

ಅಂಜಿನಕ್ಕ ಹೊಲದಿಂದ ಬರುತ್ತ ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮಗಳನ್ನು ಇಳಿ ಅನ್ನಲಿಲ್ಲ. ತಲೆಯ ಮೇಲಿನ ಮೆಕ್ಕೆಜೋಳದ ಸೊಪ್ಪೆಯ ಹೊರೆಯನ್ನು ಕಟ್ಟೆಯ ಅಂಚಿಗೆ ಇಳಿಸಿ, ಅದಕ್ಕೆ ಒರಗಿ ಸುಧಾರಿಸಿಕೊಂಡಳು. ಈ ಕಲ್ಲು ನಮ್ಮತ್ತಿ ಹೊತ್ತದ್ದು ಅಂತ ಒಂದು ಕಲ್ಲನ್ನು ನನಗೆ ತೋರಿಸಿದಳು.

ಇವತ್ತೂ ತೊಳೆಯುತ್ತಾರೆ, ಚುಕ್ಕಿ ಹೋಗುತ್ತದೆ ಅಂದ ಹುಲುಗೇಶ್.

"ಹೋಗ್ಲಿ ಬಿಡಲೇ," ಅಂದಳು ರಮಾ ಹಗ್ಗ ಸುತ್ತುತ್ತ. "ಎಲ್ಲೈತಿ ಅಂತ ಗೊತ್ತಾತಲ್ಲ."

ಐದೂವರೆ ಬಸ್ಸು ತಪ್ಪಿತು. ಅಂಜಿನಕ್ಕನ ಮನೆಯಲ್ಲಿ ರೊಟ್ಟಿ ತಿಂದು ಏಳರ ಬಸ್ಸಿಗೆ ಬಂದೆ. ಹೊನ್ನೂರಸ್ವಾಮಿ ಫೋನು ಮಾಡಿ ವರ್ಗಾವಣೆ ಅರ್ಜಿ ಏನಾಯಿತು ಅಂದ. ಹೋದ ತಿಂಗಳೇ ಕೊನೆಯ ದಿನ ಮುಗಿದಿದೆ. ಮರೆತೇ ಹೋಗಿತ್ತು. ಬೈದ. ಬೈಯಲಿ, ನಿಜ ತಾನೆ.

ಡಿಸೆಂಬರ್ 12, ಗುರುವಾರ

ಕಟ್ಟೆ ತೊಳೆದಿದ್ದಾರೆ. ಕಲ್ಲು ಒದ್ದೆ, ಚುಕ್ಕಿ ಇಲ್ಲ. ಬೊಮ್ಮಯ್ಯ ಅದೇ ಜಾಗದಲ್ಲಿ ಕೂತಿದ್ದಾನೆ, ನನ್ನನ್ನು ನೋಡಿ ಮುಖ ತಿರುಗಿಸಿದ. ಅದೇ ರಸ್ತೆ, ಅದೇ ಧೂಳು. ಗುರುಮೂರ್ತಿ ಬಾಗಿಲಲ್ಲೇ ನಿಂತು ಊರಿನವರು ನಾಲ್ಕು ಜನ ಮಾತಾಡಲು ಬರುತ್ತಾರಂತೆ ಅಂದರು. ಬರಲಿ. ಅಂಜಿನಕ್ಕನನ್ನೂ ಕರೆಯಿರಿ, ಅವಳ ಮಾತೂ ಕೇಳಲಿ ಅಂದೆ.

ಪ್ರಾರ್ಥನೆಗೆ ಮುಂಚೆ ರಮಾ ಸ್ಟಾಫ್‌ರೂಮಿಗೆ ಬಂದು ಒಂದು ಚಾಕ್‌ಪೀಸ್ ಕೇಳಿದಳು. ಯಾಕೆ ಅಂತ ಕೇಳಲಿಲ್ಲ.

ಎರಡು ಕೊಟ್ಟೆ.